ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯರನ್ನಲ್ಲ

ನಾಸಿಕದಿಂದ ತ್ರ್ಯಂಬಕೇಶ್ವರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಸಾತಪುರ ಕಾರ್ಖಾನೆಗಳ ಊರು. ಬೆಂಗಳೂರಿನ ಮೈಕೊ, ಅಂದರೆ ಇಂದಿನ ಬಾಷ್, ಇಲ್ಲಿನ ಕೈಗಾರಿಕಾ ಪ್ರದೇಶದಲ್ಲೂ ಕಾರ್ಖಾನೆ ತೆರೆದಿದ್ದರಿಂದ ಕನ್ನಡಿಗರಿಗೂ ಈ ಹೆಸರು ಹೊಸದೇನಲ್ಲ. ಮಳೆಗಾಲದಲ್ಲಿ ಗಂಗಾಪುರ ಅಣೆಕಟ್ಟಿನಿಂದ ನೀರು ಬಿಟ್ಟರೆಂದರೆ, ಗೋದಾವರಿಯ ದಂಡೆಯ ದುತೋಂಡ್ಯಾ ಮಾರುತಿಯ ವಿಗ್ರಹಕ್ಕೆ ನೀರು ಎಲ್ಲಿಯವರೆಗೆ ಬಂತು ಎಂದು ನಾಸಿಕದವರು ವಿಚಾರಿಸುತ್ತಾರೆ. ಮಂಡಿಗೋ, ಸೊಂಟಕ್ಕೋ, ಎದೆಗೋ? ತಲೆಮಾರುಗಳಿಂದ ನಂಬಿಕೊಂಡು ಬಂದ ಗುರುತು ಅದು. ನೀರಿನ ಮಟ್ಟ ಕಣ್ಣಿಗೇ ಕಾಣುತ್ತದೆ, ಆದ್ದರಿಂದ ಮೋಸವಿಲ್ಲ.

ಮನೆಯೊಳಗಿನ ಕರೆಂಟಿನ ವಿಷಯಕ್ಕೆ ಬಂದರೆ ಜನ ನಂಬಿರುವ ಗುರುತೇ ಬೇರೆ, ಮತ್ತು ಅದು ತಪ್ಪು. ಮಳೆಯಲ್ಲಿ ಎಸಿ ಹಾಕಿದರೆ ಶಾಕ್ ಹೊಡೆಯುವ ಭಯವಿಲ್ಲವೇ ಎಂದು ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: "ಎಂಸಿಬಿ ಇದೆಯಲ್ಲ, ಏನಾದರೂ ಆದರೆ ತಾನಾಗೇ ಬೀಳುತ್ತೆ." ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದಾಗ ತಾನಾಗಿ ಲೈನ್ ಕಡಿಯುವ ಸ್ವಿಚ್. ಸಾತಪುರದ ಕಾಲೊನಿಯಲ್ಲೂ ಇದೇ ಮಾತು, ಮಂಗಳೂರಿನ ಫ್ಲ್ಯಾಟಿನಲ್ಲೂ ಇದೇ ಮಾತು. ಓದಿದವರೂ ಹೀಗೇ ಹೇಳುತ್ತಾರೆ. ಪ್ರತಿ ಮಳೆಗಾಲವೂ ಜೀವ ತೆಗೆಯುವ ಕೆಲವು ನಂಬಿಕೆಗಳಲ್ಲಿ ಇದೂ ಒಂದು.

ಲೆಕ್ಕ ಹಾಕಿ ನೋಡಿ. ಒಂದೂವರೆ ಟನ್ನಿನ ಎಸಿ ಓಡುವಾಗ ಸುಮಾರು 7 ಆಂಪಿಯರ್ ಎಳೆಯುತ್ತದೆ ಎನ್ನೋಣ. ಅದರ ಎಂಸಿಬಿ 20 ಆಂಪಿಯರಿನದು. ಒದ್ದೆ ಕೈಯಲ್ಲಿ, ಒದ್ದೆ ನೆಲದ ಮೇಲೆ ನಿಂತವರ ಮೈಯ ರೋಧ ಸಾವಿರ ಓಮ್‌ಗೆ ಇಳಿದರೆ, 230 ವೋಲ್ಟ್ ತಗುಲಿದಾಗ ಮೈಯಲ್ಲಿ ಹರಿಯುವುದು 0.23 ಆಂಪಿಯರ್. ಹೃದಯದ ಬಡಿತ ಕೆಡಿಸಲು ಇದರ ಒಂದು ಪಾಲೂ ಸಾಕು. ಎಂಸಿಬಿಗೆ ಕಾಣುವುದು ಏನು? ಏಳರ ಜಾಗದಲ್ಲಿ 7.23. ಇಪ್ಪತ್ತಕ್ಕೆ ಇನ್ನೂ ಬಹಳ ದೂರವಿದೆ ಎಂದು ಅದು ಸುಮ್ಮನಿರುತ್ತದೆ, ಸುಮ್ಮನಿರುವಂತೆಯೇ ಅದನ್ನು ಮಾಡಿದ್ದಾರೆ. 20ರ ಎಂಸಿಬಿಯಲ್ಲಿ 22 ಆಂಪಿಯರ್ ಹರಿದರೂ ಅದು ಒಂದು ಗಂಟೆಯವರೆಗೆ ಬೀಳಬಾರದು ಎನ್ನುತ್ತದೆ ಮಾನದಂಡ. ತಕ್ಷಣ ಬೀಳಬೇಕಾದರೆ, ಎಸಿಗೆ ಸಾಮಾನ್ಯವಾಗಿ ಹಾಕುವ 'ಸಿ' ಮಾದರಿಗೆ ಐದರಿಂದ ಹತ್ತು ಪಟ್ಟು, ಅಂದರೆ 100ರಿಂದ 200 ಆಂಪಿಯರ್ ಬೇಕು. ತಂತಿ ಕಾದು ಬೆಂಕಿ ಹತ್ತದಂತೆ ನೋಡಿಕೊಳ್ಳುವುದು ಅದರ ಕೆಲಸ. ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

"ಅರ್ತಿಂಗ್ ಇದೆ" ಎನ್ನುವವರೂ ಇದ್ದಾರೆ. ಒಳ್ಳೆಯದೇ. ಆದರೆ ಕಟ್ಟಡದ ಅರ್ತಿಂಗ್ ಹಳೆಯದಾಗಿ ಅದರ ರೋಧ 20 ಓಮ್‌ಗೆ ಏರಿದ್ದರೆ? ಔಟ್‌ಡೋರ್ ಯೂನಿಟ್ಟಿನ ತಗಡಿಗೆ ಫೇಸ್ ತಂತಿ ತಗುಲಿದರೂ ಭೂಮಿಗೆ ಹೋಗುವುದು ಹನ್ನೊಂದೂವರೆ ಆಂಪಿಯರ್ ಮಾತ್ರ. ಎಂಸಿಬಿ ಆಗಲೂ ಬೀಳುವುದಿಲ್ಲ, ತಗಡು ಕರೆಂಟ್ ಹಿಡಿದುಕೊಂಡೇ ನಿಂತಿರುತ್ತದೆ. ಬಾಲ್ಕನಿಯಲ್ಲಿ ಬಟ್ಟೆ ಎತ್ತಿಕೊಳ್ಳಲು ಬಂದವರ ಮೊಣಕೈ ಅದಕ್ಕೆ ತಾಕಿದರೆ ಮುಗಿಯಿತು.

ಮನುಷ್ಯರನ್ನು ಕಾಯುವ ಸಾಧನ ಆರ್‌ಸಿಸಿಬಿ. ಹಳೆಯ ರೂಢಿಯಲ್ಲಿ ಎಲೆಕ್ಟ್ರಿಷಿಯನ್‌ಗಳು ಇದನ್ನೇ ಇಎಲ್‌ಸಿಬಿ ಅನ್ನುತ್ತಾರೆ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸು ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ, ಅಷ್ಟು ಕರೆಂಟ್ ಬೇರೆಲ್ಲೋ, ಬಹುಶಃ ಯಾರದೋ ಮೈಯಲ್ಲಿ, ಹರಿಯುತ್ತಿದೆ ಎಂದರ್ಥ. ಸೆಕೆಂಡಿನ ಮೂರನೆಯ ಒಂದು ಭಾಗದೊಳಗೆ ಲೈನ್ ಕಡಿದುಹಾಕುತ್ತದೆ. ಎಂಸಿಬಿಗಳಿರುವ ಡಿಬಿ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ: ಎಂಸಿಬಿಗಿಂತ ಅಗಲ, ಮೇಲೆ '30 ಎಂಎ' ಎಂಬ ಬರಹ, ಪಕ್ಕದಲ್ಲಿ 'ಟಿ' ಎಂದು ಬರೆದ ಪುಟ್ಟ ಗುಂಡಿ. ಆ ಗುಂಡಿ ಒತ್ತಿದರೆ ಲಿವರ್ ಪಟ್ಟನೆ ಕೆಳಗೆ ಬೀಳಬೇಕು. ಬೀಳದಿದ್ದರೆ ಅದು ಕೆಟ್ಟಿದೆ. ತಿಂಗಳಿಗೊಮ್ಮೆ ಒತ್ತಿ ನೋಡಲು ಹತ್ತು ಸೆಕೆಂಡೂ ಬೇಡ, ಆದರೂ ವರ್ಷಗಟ್ಟಲೆ ಯಾರ ಬೆರಳೂ ತಾಕದ ಗುಂಡಿ ಎಷ್ಟೋ ಮನೆಗಳಲ್ಲಿದೆ. ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳೂ ಅವುಗಳ ಜಾಗಕ್ಕೆ ಬಂದ 2023ರ ನಿಯಮಗಳೂ ಸೋರಿಕೆ ತಡೆಯುವ ಸಾಧನ ಇರಬೇಕೆಂದು ಹೇಳುತ್ತವೆ. ಎಂಸಿಬಿ ಬೇಡವೆಂದಲ್ಲ, ಎರಡೂ ಬೇಕು. ಒಂದರ ಕೆಲಸ ಇನ್ನೊಂದಕ್ಕೆ ಬರುವುದಿಲ್ಲ.

2025ರ ಮೇ 19ರಂದು ಬೆಂಗಳೂರಿನ ಬಿಟಿಎಂ ಬಡಾವಣೆ ಕಡೆಯ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಮಳೆನೀರು ನುಗ್ಗಿತ್ತು. ಮೋಟರ್ ಹಚ್ಚಿ ನೀರು ಹೊರಹಾಕಲು ಹೋದ ಹಿರಿಯರೊಬ್ಬರು, ಹತ್ತಿರದಲ್ಲಿದ್ದ 12 ವರ್ಷದ ಬಾಲಕ, ಇಬ್ಬರೂ ಶಾಕ್ ತಗುಲಿ ತೀರಿಕೊಂಡರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳಲ್ಲಿ ದೇಶದಲ್ಲಿ ಶಾಕ್ ತಗುಲಿ ಆಗುವ ಸಾವುಗಳು ವರ್ಷಕ್ಕೆ 12 ಸಾವಿರ ಮೀರುತ್ತವೆ. ಮರುದಿನ ಎಲ್ಲರೂ ಮಳೆಯನ್ನು ಬಯ್ಯುತ್ತಾರೆ. ಡಿಬಿ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡುವವರು ಕಡಿಮೆ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಔಟ್‌ಡೋರ್ ಯೂನಿಟ್ ಮಳೆಯಲ್ಲಿ ನೆನೆಯಲೆಂದೇ ಮಾಡಿದ್ದು; ಪ್ಲಾಸ್ಟಿಕ್ ಸುತ್ತಿ ಓಡಿಸಿದರೆ ಬಿಸಿ ಹೊರಹೋಗದೆ ಕಂಪ್ರೆಸರ್ ಸೊರಗುತ್ತದೆ, ಆರಿಸಿ ಸುತ್ತಿಟ್ಟರೆ ಒಳಗೆ ತೇವ ನಿಂತು ತುಕ್ಕು ಹಿಡಿಯುತ್ತದೆ. ಆದರೆ ಅದರ ಬುಡಕ್ಕೆ ನೆರೆನೀರು ಬಂದು ಮುಳುಗಿದ್ದರೆ ಮೆಕ್ಯಾನಿಕ್ ನೋಡುವ ತನಕ ಸ್ವಿಚ್ ಮುಟ್ಟಬಾರದು. ಸ್ಟೆಬಿಲೈಜರ್ ಸಿಡಿಲನ್ನು ತಡೆಯುವುದಿಲ್ಲ. ರಬ್ಬರ್ ಚಪ್ಪಲಿ ಒದ್ದೆಯಾದ ಮೇಲೆ ಅದನ್ನು ನಂಬಿ ಕೂರುವಂತಿಲ್ಲ. ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರು ಗಾಳಿಯ ತೇವ ಅಷ್ಟೇ.

ಇವೆಲ್ಲಕ್ಕಿಂತ ಕೋಪ ತರಿಸುವುದು ಇನ್ನೊಂದು. ಮಳೆ ಬಂದಾಗಲೆಲ್ಲ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ ಎಂದು ದೂರುವ ಮನೆಗಳಿವೆ. "ಇದೊಂದು ರಗಳೆ, ತೆಗೆಸಿಬಿಡಿ" ಎಂದು ಪಕ್ಕದ ಮನೆಯವರು ಸಲಹೆ ಕೊಡುತ್ತಾರೆ. ಎಲೆಕ್ಟ್ರಿಷಿಯನ್ ಬಂದು ಅದನ್ನು ಬೈಪಾಸ್ ಮಾಡಿ ತಂತಿ ನೇರ ಜೋಡಿಸಿ ಹೋಗುತ್ತಾನೆ, ಟ್ರಿಪ್ ನಿಲ್ಲುತ್ತದೆ, ಎಲ್ಲರಿಗೂ ಸಮಾಧಾನ. ಅಲ್ಲಿ ಕೆಟ್ಟಿದ್ದು ಆ ಸಾಧನವಲ್ಲ. ಮಳೆ ಬಂದಾಗ ಮಾತ್ರ ಬೀಳುತ್ತದೆಂದರೆ ಮಳೆನೀರು ಎಲ್ಲೋ ಒಂದು ಕಡೆ ತಂತಿಯನ್ನು ಮುಟ್ಟುತ್ತಿದೆ ಎಂದೇ ಅರ್ಥ. ಎಸಿ ಕೂರಿಸುವಾಗ ಉದ್ದ ಸಾಲದೆ ಬಂದ ಕೇಬಲ್ಲಿಗೆ ಹೊರಗಡೆ ಜಾಯಿಂಟ್ ಹಾಕಿ, ಇನ್ಸುಲೇಷನ್ ಟೇಪ್ ಸುತ್ತಿ ಬಿಟ್ಟಿರುತ್ತಾರೆ. ಎರಡು ಬೇಸಿಗೆಯ ಬಿಸಿಲಿಗೆ ಟೇಪಿನ ಅಂಟು ಕರಗಿ ಸುರುಳಿ ಬಿಚ್ಚಿಕೊಳ್ಳುತ್ತದೆ. ಇಲ್ಲವೇ ಔಟ್‌ಡೋರ್ ಯೂನಿಟ್ಟಿನ ಟರ್ಮಿನಲ್ ಮುಚ್ಚಳದ ಸ್ಕ್ರೂ ಕಳೆದ ಸರ್ವಿಸ್‌ನಲ್ಲೇ ಕಳೆದುಹೋಗಿರುತ್ತದೆ.

ಕಂಪನಿಯ ಹೆಸರನ್ನು ನಂಬುತ್ತೇವೆ, ಮೊಬೈಲಿಗೆ ಬಂದ ವಿಡಿಯೊ ನಂಬುತ್ತೇವೆ, "ಇಪ್ಪತ್ತು ವರ್ಷದಿಂದ ಹೀಗೇ ಇದೆ, ಏನೂ ಆಗಿಲ್ಲ" ಎಂಬ ಮಾತನ್ನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇವೆ. ಅಪಾಯವನ್ನು ಹಿಡಿದು ತೋರಿಸಿದ ಸಾಧನವನ್ನೇ ಮೊದಲು ಕಿತ್ತುಹಾಕುತ್ತೇವೆ. ಟ್ರಿಪ್ ಆದ ದಿನ ಮಾಡಬೇಕಾದ್ದು ಇಷ್ಟು: ಎಸಿಯ ಎಂಸಿಬಿ ಇಳಿಸಿ ಆರ್‌ಸಿಸಿಬಿ ಮೇಲೆತ್ತಿ ನೋಡಿ. ಈಗ ಅದು ಬೀಳದೆ ನಿಂತರೆ ಸೋರಿಕೆ ಹೆಚ್ಚಾಗಿ ಎಸಿಯ ಲೈನಿನಲ್ಲೇ ಇದೆ. ಇನ್ನೂ ಬಿದ್ದರೆ ಎಲ್ಲ ಇಳಿಸಿ ಒಂದೊಂದೇ ಲೈನ್ ಮೇಲೆತ್ತುತ್ತಾ ಹುಡುಕಬೇಕು. ಎಲೆಕ್ಟ್ರಿಷಿಯನ್‌ಗೆ ಮೆಗ್ಗರ್ ತಂದು ಇನ್ಸುಲೇಷನ್ ಪರೀಕ್ಷಿಸಲು ಹೇಳಿ, ಹೊರಗಿನ ಜಾಯಿಂಟ್ ಕಿತ್ತು ಒಂದೇ ಉದ್ದದ ಕೇಬಲ್ ಎಳೆಸಿ, ಹಸಿರು ಅರ್ತ್ ತಂತಿ ಎರಡೂ ತುದಿಯಲ್ಲಿ ಸ್ಕ್ರೂ ಕೆಳಗೆ ಬಿಗಿಯಾಗಿ ಕೂತಿದೆಯೇ ಎಂದು ಎದುರಿಗೇ ನಿಂತು ನೋಡಿ. ಮನೆಯಲ್ಲಿ ಆರ್‌ಸಿಸಿಬಿಯೇ ಇಲ್ಲದಿದ್ದರೆ ಅದನ್ನು ಹಾಕಿಸುವವರೆಗೆ ಮಳೆ ಬರುವ ಹೊತ್ತಿಗೆ ಬಾಲ್ಕನಿಯ ಯೂನಿಟ್ಟಿನ ಹತ್ತಿರ ಮಕ್ಕಳನ್ನು ಬಿಡಬೇಡಿ.