ಗ್ರೀನ್ ಟೀ ಚರ್ಮಕ್ಕೆ ಏನು ಮಾಡುತ್ತದೆ?

ಗ್ರೀನ್ ಟೀ ಪೊಟ್ಟಣ ತೂಕ ಇಳಿಸುತ್ತೇನೆ ಎನ್ನುತ್ತದೆ, ಫೇಸ್‌ವಾಶ್ ಮೊಡವೆ ಓಡಿಸುತ್ತೇನೆ ಎನ್ನುತ್ತದೆ, ಮಾತ್ರೆಯ ಡಬ್ಬಿ ಯೌವನವನ್ನೇ ಮರಳಿಸುವ ಮಾತಾಡುತ್ತದೆ. ಒಂದು ಎಲೆಯ ಹೆಸರಿನಲ್ಲಿ ಇಷ್ಟೆಲ್ಲ ಭರವಸೆ ಮಾರಾಟವಾಗುತ್ತಿರುವಾಗ ಇವುಗಳಲ್ಲಿ ಪರೀಕ್ಷೆಗೆ ನಿಂತದ್ದು ಯಾವುದು ಎಂಬುದು ದುಡ್ಡು ಕೊಡುವವರಿಗೆ ಗೊತ್ತಿರಬೇಕು. ಗ್ರೀನ್ ಟೀಯಲ್ಲಿ ಗುಣ ಖಂಡಿತ ಇದೆ. ಆದರೆ ಆ ಗುಣ ಎಷ್ಟು ಪ್ರಮಾಣದಲ್ಲಿ, ಯಾವ ರೂಪದಲ್ಲಿ ದೇಹಕ್ಕೆ ಸೇರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನಾವು ಹಾಲು ಹಾಕಿ ಕುದಿಸುವ ಟೀ ಪುಡಿಯೂ ಗ್ರೀನ್ ಟೀಯೂ ಕಮೀಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದ ಚಿಗುರು. ಕೊಯ್ದ ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಗೆ ಬಿಟ್ಟರೆ ಎಲೆಯೊಳಗಿನ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಕೆಲಸ ಶುರು ಮಾಡುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇದೇ ಬಗೆಯ ಕಿಣ್ವದಿಂದ. ಎಲೆಯಲ್ಲಿರುವ ಕ್ಯಾಟೆಚಿನ್ ಎಂಬ ಸಂಯುಕ್ತಗಳು ಆಮ್ಲಜನಕದೊಡನೆ ವರ್ತಿಸಿ ಬೇರೆ ರೂಪ ತಾಳುತ್ತವೆ. ಕಪ್ಪು ಚಹಾದ ಬಣ್ಣ, ಕಡುರುಚಿ ಹುಟ್ಟುವುದು ಹೀಗೆ. ಗ್ರೀನ್ ಟೀಗಾದರೆ ಕೊಯ್ದ ಸ್ವಲ್ಪ ಹೊತ್ತಿನಲ್ಲೇ ಎಲೆಗೆ ಶಾಖ ಕೊಡುತ್ತಾರೆ. ಜಪಾನಿನಲ್ಲಿ ಹೆಚ್ಚಾಗಿ ಹಬೆಯಲ್ಲಿ, ಚೀನಾದಲ್ಲಿ ಹೆಚ್ಚಾಗಿ ಬಾಣಲೆಯಲ್ಲಿ. ಶಾಖಕ್ಕೆ ಕಿಣ್ವ ನಿಷ್ಕ್ರಿಯವಾಗುತ್ತದೆ, ಕ್ಯಾಟೆಚಿನ್‌ಗಳು ಉಳಿಯುತ್ತವೆ.

ಈ ಕ್ಯಾಟೆಚಿನ್ ಅನ್ನು ಗ್ರೀನ್ ಟೀಯಿಂದ 1929ರಲ್ಲಿ ಬೇರ್ಪಡಿಸಿ ತೋರಿಸಿದವರು ಜಪಾನಿನ ಮಿಚಿಯೊ ತ್ಸುಜಿಮುರಾ. ಹೆಣ್ಣುಮಕ್ಕಳಿಗೆ ಪ್ರಯೋಗಾಲಯದ ಬಾಗಿಲು ಸುಲಭವಾಗಿ ತೆರೆಯದಿದ್ದ ಕಾಲವದು. ಆಕೆ ಅದಕ್ಕೂ ಮೊದಲು, 1924ರಲ್ಲಿ, ಸಹೋದ್ಯೋಗಿ ಸೈಟಾರೊ ಮಿಯುರಾ ಅವರೊಂದಿಗೆ ಗ್ರೀನ್ ಟೀಯಲ್ಲಿ ವಿಟಮಿನ್ ಸಿ ಇರುವುದನ್ನು ಕಂಡುಹಿಡಿದಿದ್ದರು. 1932ರಲ್ಲಿ ಜಪಾನಿನ ಮೊದಲ ಮಹಿಳಾ ಕೃಷಿವಿಜ್ಞಾನ ಡಾಕ್ಟರೇಟ್ ಅವರಿಗೆ ಸಂದಿತು. ಇಂದು ಚರ್ಮದ ಕ್ರೀಮುಗಳ ಜಾಹೀರಾತಿನಲ್ಲಿ ಮೆರೆಯುವ ಇಜಿಸಿಜಿ, ಅಂದರೆ ಎಪಿಗ್ಯಾಲೊಕ್ಯಾಟೆಚಿನ್ ಗ್ಯಾಲೇಟ್, ಅದೇ ಕುಟುಂಬದ ಸದಸ್ಯ.

ಬಿಸಿಲಿನ ನೇರಳಾತೀತ ಕಿರಣಗಳು ಚರ್ಮದ ಕೋಶಗಳ ಡಿಎನ್ಎಗೆ ಪೆಟ್ಟು ಕೊಡುತ್ತವೆ, ಉರಿಯೂತ ಎಬ್ಬಿಸುತ್ತವೆ, ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲ್ಯಾಜೆನ್ ಅನ್ನು ಒಡೆಯುವ ಕಿಣ್ವಗಳನ್ನು ಕೆರಳಿಸುತ್ತವೆ. ಸುಕ್ಕು, ಕಲೆ, ಒರಟುತನ ಬರುವುದರಲ್ಲಿ ವಯಸ್ಸಿನಷ್ಟೇ ಬಿಸಿಲಿನ ಪಾಲೂ ದೊಡ್ಡದು. ಪ್ರಯೋಗಾಲಯದಲ್ಲಿ ಇಜಿಸಿಜಿ ಈ ಮೂರೂ ಹಾನಿಗಳನ್ನು ತಗ್ಗಿಸುತ್ತದೆ. 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸ್ವಯಂಸೇವಕರ ಚರ್ಮಕ್ಕೆ ಗ್ರೀನ್ ಟೀ ಸಾರವನ್ನು ಮೊದಲೇ ಹಚ್ಚಿ ನೇರಳಾತೀತ ಬೆಳಕು ಬಿಟ್ಟಾಗ, ಹಚ್ಚಿದ ಜಾಗ ಕಡಿಮೆ ಕೆಂಪಾಯಿತು.

ಹಾಗಾದರೆ ಕುಡಿದರೂ ಅದೇ ಫಲ ಸಿಕ್ಕೀತೇ? ಜರ್ಮನಿಯ ಸಂಶೋಧಕರು 60 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1402 ಮಿಲಿಗ್ರಾಂ ಕ್ಯಾಟೆಚಿನ್ ಇರುವ ಪಾನೀಯ ಕೊಟ್ಟರು. ಕೃತಕ ಬೆಳಕಿನಿಂದ ಚರ್ಮ ಕೆಂಪಾಗುವ ಪ್ರಮಾಣ ಆ ಗುಂಪಿನಲ್ಲಿ 12 ವಾರಗಳಲ್ಲಿ ಶೇಕಡಾ 25ರಷ್ಟು ತಗ್ಗಿತು. ಚರ್ಮದ ಸ್ಥಿತಿಸ್ಥಾಪಕತ್ವವೂ ಸುಧಾರಿಸಿತು. ಈ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ನಾಲ್ಕು ವರ್ಷಗಳ ನಂತರ ಬ್ರಿಟನ್ನಿನಲ್ಲಿ 50 ಜನರ ಮೇಲೆ ಇಂಥದೇ ಪರೀಕ್ಷೆ ನಡೆದ ವರದಿ ಬಂತು. ದಿನಕ್ಕೆ 1080 ಮಿಲಿಗ್ರಾಂ ಕ್ಯಾಟೆಚಿನ್, ಜೊತೆಗೆ ವಿಟಮಿನ್ ಸಿ, ಅದೇ 12 ವಾರ. ಖಾಲಿ ಮಾತ್ರೆ ನುಂಗಿದವರಿಗೂ ಇವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಮೊದಲ ಫಲಿತಾಂಶವನ್ನಷ್ಟೇ ಓದಿದವರು ಗ್ರೀನ್ ಟೀಯನ್ನು ಚರ್ಮದ ರಕ್ಷಾಕವಚ ಎಂದುಬಿಡುತ್ತಾರೆ. ಎರಡನ್ನೂ ಓದಿದವರು ಹಾಗೆ ಹೇಳಲಾರರು. ಎರಡೂ ಕಡೆ ಕೊಟ್ಟ ಪ್ರಮಾಣ ನಾವು ಬೆಳಗ್ಗೆ ಕುಡಿಯುವ ಒಂದು ಕಪ್ಪಿಗಿಂತ ಬಹಳ ಹೆಚ್ಚು ಎಂಬುದನ್ನೂ ಮರೆಯಬಾರದು. ಹಾಗಾಗಿ ಬಿಸಿಲಿಗೆ ಹೊರಟಾಗ ಕೊಡೆ, ತುಂಬುತೋಳಿನ ಅಂಗಿ, ಸನ್‌ಸ್ಕ್ರೀನ್ ಬೇಕೇ ಬೇಕು. ಗ್ರೀನ್ ಟೀ ಅವುಗಳ ಬದಲಿ ಅಲ್ಲ.

ಹಚ್ಚುವ ಔಷಧದ ದಾರಿಯಲ್ಲಿ ಗಟ್ಟಿಯಾದ ಸಾಕ್ಷ್ಯವಿದೆ. ಗ್ರೀನ್ ಟೀ ಕ್ಯಾಟೆಚಿನ್‌ಗಳಿಂದ ತಯಾರಾದ ಶೇಕಡಾ 15ರ ಮುಲಾಮೊಂದಕ್ಕೆ ಅಮೆರಿಕದ ಔಷಧ ನಿಯಂತ್ರಕರು 2006ರಲ್ಲಿ ಒಪ್ಪಿಗೆ ಕೊಟ್ಟರು. ಜನನಾಂಗದ ಹೊರಭಾಗದಲ್ಲಿ ಏಳುವ ನರುಳ್ಳೆಗಳಿಗೆ ವೈದ್ಯರ ಚೀಟಿಯ ಮೇಲೆ ಕೊಡುವ ಔಷಧವಿದು. ಮೊಡವೆಗೆ ಇಜಿಸಿಜಿ ದ್ರಾವಣ ಹಚ್ಚಿದ ಕೊರಿಯಾದ ಸಣ್ಣ ಪ್ರಯೋಗವೊಂದರಲ್ಲೂ ಎಂಟು ವಾರಗಳಲ್ಲಿ ಸುಧಾರಣೆ ಕಂಡಿತು. ಆದರೆ ಇಜಿಸಿಜಿ ಗಾಳಿ, ಬೆಳಕು ತಗುಲಿದರೆ ಬೇಗ ಕೆಡುವ ವಸ್ತು. ಅದನ್ನು ಸ್ಥಿರವಾಗಿ, ಸಾಕಷ್ಟು ಪ್ರಮಾಣದಲ್ಲಿ ಇಟ್ಟರೆ ಮಾತ್ರ ಕೆಲಸ ಮಾಡುತ್ತದೆ. ಟ್ಯೂಬಿನ ಮೇಲೆ ಎಲೆಯ ಚಿತ್ರವಿದ್ದು ಪ್ರಮಾಣ ನಮೂದಾಗಿಲ್ಲದಿದ್ದರೆ ಹೆಚ್ಚು ಬೆಲೆ ತೆರಲು ಕಾರಣವೇ ಇಲ್ಲ. ಮುಖ ತೊಳೆದ ಕೂಡಲೇ ನೀರಿನೊಡನೆ ಹೋಗಿಬಿಡುವ ಫೇಸ್‌ವಾಶ್‌ನಿಂದಂತೂ ಹೆಚ್ಚೇನೂ ನಿರೀಕ್ಷಿಸುವಂತಿಲ್ಲ.

ಇನ್ನು ಒಟ್ಟಾರೆ ಆರೋಗ್ಯ. ಜಪಾನಿನ ಮಿಯಾಗಿ ಪ್ರಾಂತ್ಯದಲ್ಲಿ 40,530 ಜನರನ್ನು 11 ವರ್ಷ ಗಮನಿಸಿದ ಓಸಾಕಿ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ದಿನಕ್ಕೆ ಐದು ಅಥವಾ ಹೆಚ್ಚು ಕಪ್ ಕುಡಿಯುವವರಲ್ಲಿ, ಒಂದು ಕಪ್ಪಿಗಿಂತ ಕಡಿಮೆ ಕುಡಿಯುವವರಿಗೆ ಹೋಲಿಸಿದರೆ, ಸಾವಿನ ಅಪಾಯ ಗಂಡಸರಲ್ಲಿ ಶೇಕಡಾ 12, ಹೆಂಗಸರಲ್ಲಿ ಶೇಕಡಾ 23 ಕಡಿಮೆಯಿತ್ತು. ಹೃದಯ ಮತ್ತು ರಕ್ತನಾಳದ ಕಾಯಿಲೆಗಳಲ್ಲಿ ನಂಟು ಎದ್ದು ಕಂಡಿತು. ಕ್ಯಾನ್ಸರ್ ಸಾವುಗಳಲ್ಲಿ ಕಾಣಲಿಲ್ಲ. ಇದು ಜನರ ರೂಢಿಯನ್ನು ಗಮನಿಸಿದ ಅಧ್ಯಯನವಾದ್ದರಿಂದ ಚಹಾವೇ ಕಾರಣ ಎಂದು ಸಾರಲಾಗದು. ಕೆಟ್ಟ ಕೊಲೆಸ್ಟರಾಲ್ ತುಸು ತಗ್ಗುತ್ತದೆ ಎಂಬುದನ್ನು ಪ್ರಯೋಗಗಳು ತೋರಿಸಿವೆ. ತೂಕದ ವಿಷಯದಲ್ಲಿ 2012ರ ಕಾಕ್ರೇನ್ ವಿಮರ್ಶೆಯ ತೀರ್ಮಾನ ನೇರವಾಗಿದೆ: ಇಳಿಕೆ ಗಣನೆಗೆ ಬಾರದಷ್ಟು ಚಿಕ್ಕದು.

ಕಪ್ಪಿನಲ್ಲಿ ಒಳ್ಳೆಯದಾದದ್ದು ಮಾತ್ರೆಯಲ್ಲಿ ಇನ್ನೂ ಒಳ್ಳೆಯದು ಎಂಬ ನಂಬಿಕೆ ಅಪಾಯಕಾರಿ. ಮಾತ್ರೆಯ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಸೇವಿಸಿದರೆ ಯಕೃತ್ತಿಗೆ ಹಾನಿಯಾಗುವ ಸೂಚನೆಗಳಿವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ನೆಡೊಲಾಲ್ ಎಂಬ ರಕ್ತದೊತ್ತಡದ ಮಾತ್ರೆಯ ಹೀರಿಕೆಯನ್ನು ಗ್ರೀನ್ ಟೀ ತಗ್ಗಿಸುತ್ತದೆ. ನಿತ್ಯ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಬೇಕು.

ನಮ್ಮಲ್ಲಿ ಇನ್ನೊಂದು ಎಚ್ಚರ ಮುಖ್ಯ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಾಂಶವನ್ನು ಚಹಾದ ಪಾಲಿಫಿನಾಲ್‌ಗಳು ಹಿಡಿದಿಟ್ಟು ದೇಹಕ್ಕೆ ದಕ್ಕದಂತೆ ಮಾಡುತ್ತವೆ. ರಕ್ತಹೀನತೆಯಿಂದ ಕಳೆಗುಂದಿದ ಮುಖಕ್ಕೆ ಹೊಳಪು ಬರಲೆಂದು ಊಟದ ಜೊತೆಗೇ ಗ್ರೀನ್ ಟೀ ಕುಡಿದರೆ ಕೊರತೆಯೇ ಬೆಳೆಯುತ್ತದೆ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಅಂತರವಿರಲಿ.

ಕುದಿಯುವ ನೀರನ್ನು ನೇರ ಸುರಿದರೆ ಕಹಿ ಏರುತ್ತದೆ. ಸ್ವಲ್ಪ ಆರಿದ, 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರಿನಲ್ಲಿ ಎರಡು ಮೂರು ನಿಮಿಷ ನೆನೆಸಿದರೆ ಸಾಕು. ಸುಡುಸುಡು ಕುಡಿಯುವುದು ಬೇಡ, ಏಕೆಂದರೆ 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳಕ್ಕೆ ಒಳ್ಳೆಯದಲ್ಲ. ಸಕ್ಕರೆ ಹಾಕಿದ ಟೀಯ ಜಾಗದಲ್ಲಿ ಸಕ್ಕರೆಯಿಲ್ಲದ ಗ್ರೀನ್ ಟೀ ಬಂದರೆ, ಆ ಬದಲಾವಣೆಯೊಂದರಿಂದಲೇ ದೇಹಕ್ಕೆ ಲಾಭವಿದೆ. ದಿನಕ್ಕೆ ಎರಡು ಮೂರು ಕಪ್ ಇಷ್ಟಪಟ್ಟು ಕುಡಿಯಿರಿ. ಮಾತ್ರೆಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಹಣ್ಣು, ಸೊಪ್ಪು, ಒಂದು ಒಳ್ಳೆಯ ಸನ್‌ಸ್ಕ್ರೀನ್ ಕೊಳ್ಳಿ.