ಹೊಟ್ಟೆಯ ಆಕಾರವೂ ಒಳಗಿನ ಶಿಶುವೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ—ಈ ನಾಲ್ಕು ತಾಲ್ಲೂಕುಗಳ ಯಾವ ಊರಿಗೆ ಹೋದರೂ ಬಸುರಿಯ ಹೊಟ್ಟೆಯನ್ನು ನೋಡಿ ಗಂಡೋ ಹೆಣ್ಣೋ ಎಂದು ಹೇಳಬಲ್ಲೆವೆನ್ನುವ ಹಿರಿಯರು ಸಿಕ್ಕುತ್ತಾರೆ. ಹೊಟ್ಟೆ ಮುಂದಕ್ಕೆ ಚಾಚಿದ್ದರೆ ಒಂದು, ಅಗಲವಾಗಿ ಹರಡಿದ್ದರೆ ಇನ್ನೊಂದು. ಮುಖ ಕಪ್ಪಿಟ್ಟರೆ ಒಂದು, ಕಳೆಯೇರಿದರೆ ಇನ್ನೊಂದು. ಹೇಳಿದವರಲ್ಲಿ ಅರ್ಧದಷ್ಟು ಜನರ ಮಾತು ನಿಜವಾಗಿಯೂ ಆಗುತ್ತದೆ. ಇರುವ ಉತ್ತರಗಳೇ ಎರಡಲ್ಲವೆ? ಅವರು ಗುರುತಿಸುವ ಚಿಹ್ನೆಗಳೇನೋ ಸುಳ್ಳಲ್ಲ. ಆದರೆ ಅವು ಹೇಳುವ ಕಥೆ ಬೇರೆ.

ಲೆಕ್ಕದ ಅನುಕೂಲಕ್ಕಾಗಿ, ಒಬ್ಬಾಕೆಯ ಕೊನೆಯ ಮುಟ್ಟು ಸಂಕ್ರಾಂತಿಯ ದಿನ, ಜನವರಿ ೧೫ರಂದು ಆರಂಭವಾಯಿತೆಂದು ಇಟ್ಟುಕೊಳ್ಳೋಣ. ವೈದ್ಯರು ಅಂದಿನಿಂದ ೨೮೦ ದಿನಗಳನ್ನೆಣಿಸಿ, ಅಕ್ಟೋಬರ್ ೨೨ರ ಆಸುಪಾಸಿನಲ್ಲಿ ಹೆರಿಗೆಯೆನ್ನುವರು. ವಾಸ್ತವವಾಗಿ ಅಂಡಾಣುವೂ ವೀರ್ಯಾಣುವೂ ಕೂಡುವುದು ಸುಮಾರು ಎರಡು ವಾರಗಳ ತರುವಾಯ. ಮಗು ಹೆಣ್ಣೋ ಗಂಡೋ ಎಂಬ ವ್ಯಾಜ್ಯ ತೀರ್ಮಾನವಾಗುವುದು ಆಗಲೇ. ತಾಯಿಯ ಅಂಡಾಣುವಿನಲ್ಲಿರುವುದು ಯಾವಾಗಲೂ ಎಕ್ಸ್ ವರ್ಣತಂತು. ತಂದೆಯ ವೀರ್ಯಾಣುಗಳಲ್ಲಾದರೋ ಕೆಲವಕ್ಕೆ ಎಕ್ಸ್, ಕೆಲವಕ್ಕೆ ವೈ. ಎಕ್ಸ್ ಬಂದು ಸೇರಿದರೆ ಹೆಣ್ಣು, ವೈ ಸೇರಿದರೆ ಗಂಡು. ಅಮೆರಿಕದ ನೆಟ್ಟೀ ಸ್ಟೀವನ್ಸ್ ಎಂಬ ವಿಜ್ಞಾನಿ ೧೯೦೫ರಲ್ಲಿ ಹಿಟ್ಟಿನಲ್ಲಿ ಬೆಳೆಯುವ ಒಂದು ಬಗೆಯ ಹುಳುವನ್ನು ಪರೀಕ್ಷಿಸಿ ಈ ಗುಟ್ಟನ್ನು ಹಿಡಿದರು. ಹೆಣ್ಣು ಹೆತ್ತಳೆಂದು ಸೊಸೆಯನ್ನು ಜರೆಯುವವರ ಕಿವಿಗೆ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಶಿವರಾತ್ರಿ ಕಳೆಯುವ ಹೊತ್ತಿಗೆ ಪಿಂಡವು ತೊಗರಿಕಾಳಿನಷ್ಟಿದ್ದು, ಅದರೊಳಗೆ ಕೊಳವೆಯಂಥ ಹೃದಯ ಮಿಡಿಯತೊಡಗಿರುತ್ತದೆ. ಮೇಲುಕೋಟೆಯಲ್ಲಿ ವೈರಮುಡಿ ಉತ್ಸವ ನಡೆಯುವಾಗ ಸುಮಾರು ಹತ್ತು ವಾರ, ಉದ್ದ ಮೂರು ಸೆಂಟಿಮೀಟರು, ಬೆರಳುಗಳು ಬಿಡಿಬಿಡಿಯಾಗಿರುತ್ತವೆ. ಸೋಜಿಗವೆಂದರೆ, ಆಗ ಶಿಶುವನ್ನು ಕಣ್ಣಾರೆ ಕಂಡರೂ ಹೆಣ್ಣುಗಂಡೆಂದು ಹೇಳುವುದು ಕಷ್ಟ. ಹೊರಗಿನ ಜನನಾಂಗಗಳು ಎರಡರಲ್ಲಿಯೂ ಒಂದೇ ತೆರನಾದ ಮೊಳಕೆಯಿಂದ ಹುಟ್ಟಿ, ಅನಂತರ ಬೇರೆಬೇರೆ ದಾರಿ ಹಿಡಿಯುತ್ತವೆ. ಓಕರಿಕೆ ಬಲವಾಗಿರುವುದೂ ಈ ದಿನಗಳಲ್ಲಿಯೇ. ಬೆಳೆಯುತ್ತಿರುವ ಮಾಸು ತಾಯಿಯ ರಕ್ತಕ್ಕೆ ಸುರಿಸುವ ಹಾರ್ಮೋನುಗಳಿಗೂ ಓಕರಿಕೆಗೂ ನಂಟುಂಟು.

ಹೊರಗೆ ಕಾಣದ ದೊಡ್ಡ ಬದಲಾವಣೆ ರಕ್ತದ್ದು. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಶೇಕಡ ೪೦ರಿಂದ ೫೦ರಷ್ಟು ಹೆಚ್ಚುತ್ತದೆ. ಹೃದಯವೂ ಅದಕ್ಕೆ ತಕ್ಕಂತೆ ಹೆಚ್ಚು ದುಡಿಯುತ್ತದೆ. ಆದರೆ ರಕ್ತದ ನೀರಿನ ಅಂಶ ಏರಿದಷ್ಟು ಕೆಂಪುಕಣಗಳು ಏರಲಾರವು. ಆದ್ದರಿಂದ ಆರೋಗ್ಯವಂತೆಯ ರಕ್ತವೂ ಕೊಂಚ ತಿಳಿಯಾಗುತ್ತದೆ; ಮೊದಲೇ ರಕ್ತಹೀನಳಾದವಳ ಪಾಡು ಕೇಳಬೇಕೆ? ಒಂದು ಬಸಿರಿಗೆ ಒಟ್ಟು ಸುಮಾರು ಒಂದು ಗ್ರಾಂ ಕಬ್ಬಿಣ ಬೇಕು. ಒಂದು ಸಣ್ಣ ಮೊಳೆಗೆ ಸಾಲುವಷ್ಟು! ಅದನ್ನು ಊಟದಿಂದಲೇ ಕೂಡಿಸುವುದು ಬಹಳ ಮಂದಿಗೆ ಸಾಧ್ಯವಾಗದು. ರಾಗಿಮುದ್ದೆ, ಸೊಪ್ಪಿನ ಸಾರು ಒಳ್ಳೆಯವೇ. ಆದರೆ ಉಂಡೊಡನೆ ಕಾಫಿ, ಚಹ ಕುಡಿದರೆ ಅವುಗಳಲ್ಲಿನ ಕಬ್ಬಿಣ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣದ ಮಾತ್ರೆಯನ್ನು 'ಮಗು ಕಪ್ಪಾಗುತ್ತದೆ' ಎಂದು ತೊಲೆಯ ಸಂದಿಗೆ ಸಿಕ್ಕಿಸುವುದುಂಟು. ಕಪ್ಪಾಗುವುದು ಮಲ ಮಾತ್ರ.

ಇನ್ನು ಹೊಟ್ಟೆಯ ಆಕಾರ. ಬಸಿರಿಗೆ ಮುನ್ನ ಸುಮಾರು ೭೦ ಗ್ರಾಂ ತೂಗುವ ಗರ್ಭಕೋಶ ಕಡೆಗೆ ಒಂದು ಕಿಲೋಗ್ರಾಮನ್ನು ಮೀರುತ್ತದೆ. ಮುಂಗಾರು ಹಿಡಿಯುವ ಜೂನ್ ಆರಂಭಕ್ಕೆ ಅದರ ತುದಿ ಹೊಕ್ಕಳ ಮಟ್ಟಕ್ಕೆ ಬಂದಿರುತ್ತದೆ. ಚೊಚ್ಚಲು ಬಸುರಿಯ ಹೊಟ್ಟೆಯ ಸ್ನಾಯುಗಳು ಬಿಗಿಯಾಗಿರುವುದರಿಂದ ಹೊಟ್ಟೆ ಒತ್ತಾಗಿ ಕಾಣುವುದು. ಮೂರನೆಯ ಬಸಿರಿನಲ್ಲಿ ಸಡಿಲವಾಗಿ ಹರಡುವುದು. ತಾಯಿಯ ಎತ್ತರ, ಮಗು ಮಲಗಿರುವ ಭಂಗಿ—ಇವೂ ಸೇರುತ್ತವೆ. ಮುಖದ ಕಪ್ಪು ಹಾರ್ಮೋನುಗಳ ಕೆಲಸ. ಇಷ್ಟರಲ್ಲಿ ಮಗುವಿನ ಲಿಂಗಕ್ಕೆ ಪಾತ್ರವೇ ಇಲ್ಲ. ಮಗು ಮಿಸುಕುವುದು ತಾಯಿಗೆ ಮೊದಲು ತಿಳಿಯುವುದೂ ಈ ಸುಮಾರಿನಲ್ಲಿಯೇ.

ಊಹೆಯಿಂದ ತೃಪ್ತರಾಗದವರು ಯಂತ್ರದ ಮೊರೆಹೊಕ್ಕರು. ೨೦೨೩ರ ಕೊನೆಯಲ್ಲಿ, ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿರಿಸಿ ಹೆಣ್ಣುಭ್ರೂಣ ಪತ್ತೆಮಾಡುತ್ತಿದ್ದ ಜಾಲವನ್ನು ಪೋಲೀಸರು ಬಯಲಿಗೆಳೆದರು. ಬೆಲ್ಲ ಬೇಯುವ ತಾಣದಲ್ಲಿ ಈ ಕೆಲಸ! ೨೦೨೪ರ ಮೇ ತಿಂಗಳಲ್ಲಿ ಪಾಂಡವಪುರದ ಆರೋಗ್ಯ ಸಿಬ್ಬಂದಿಯ ವಸತಿಗೃಹವೊಂದರಿಂದ ಅಂಥದೇ ಇನ್ನೊಂದು ಪ್ರಕರಣ ಹೊರಬಿದ್ದಿತು. ಲಿಂಗಪತ್ತೆಯನ್ನು ೧೯೯೪ರ ಕಾಯಿದೆ ನಿಷೇಧಿಸಿದೆ. ಹೇಳುವವನೂ ಅಪರಾಧಿ, ಕೇಳುವವನೂ ಅಪರಾಧಿ. ಶರೀರದ ದೃಷ್ಟಿಯಿಂದಲೂ ನೋಡಿರಿ: ಲಿಂಗ ತಿಳಿಯುವಷ್ಟರಲ್ಲಿ ಮೂರು ತಿಂಗಳು ಕಳೆದು, ಮಾಸು ಗರ್ಭಕೋಶದ ಗೋಡೆಯಲ್ಲಿ ಚೆನ್ನಾಗಿ ನೆಲೆಯೂರಿರುತ್ತದೆ, ರಕ್ತನಾಳಗಳು ಹಿಗ್ಗಿರುತ್ತವೆ. ಸಲಕರಣೆಯಿಲ್ಲದ ಕೋಣೆಯಲ್ಲಿ ಕದ್ದು ಮಾಡುವ ಗರ್ಭಪಾತದಲ್ಲಿ ರಕ್ತ ಹರಿಯತೊಡಗಿದರೆ ನಿಲ್ಲಿಸುವವರಾರು? ಮಗುವಿನೊಡನೆ ತಾಯಿಯೂ ಹೋಗುತ್ತಾಳೆ. ಅದೇ ಯಂತ್ರ ಆಸ್ಪತ್ರೆಯಲ್ಲಿ ಹೇಳಬೇಕಾದ ಸಂಗತಿಗಳು ಬೇರೆ: ಶಿಶುವಿನ ವಯಸ್ಸು, ಮಾಸಿನ ನೆಲೆ, ಅಂಗಾಂಗಗಳ ನ್ಯೂನತೆ.

ಭೀಮನ ಅಮಾವಾಸ್ಯೆಯ ಹೊತ್ತಿಗೆ ಶಿಶು ಸುಮಾರು ಒಂದು ಕಿಲೋಗ್ರಾಂ ತೂಗುತ್ತದೆ. ಇಲ್ಲಿಂದ ಮುಂದೆ ಅದರ ಕೆಲಸ ಮುಖ್ಯವಾಗಿ ಕೊಬ್ಬು ಕೂಡಿಸುವುದು, ಶ್ವಾಸಕೋಶ ಮಾಗಿಸುವುದು. ಕಾಲು ಸ್ವಲ್ಪ ಊದಿದರೆ ಭಯವಿಲ್ಲ. ಮುಖವೂ ಊದಿ ತಲೆನೋವು ಬಂದು ಕಣ್ಣು ಮಂಜಾದರೆ ರಕ್ತದೊತ್ತಡ ಏರಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಶ್ರೀರಂಗಪಟ್ಟಣದ ದಸರೆಯ ದಿನಗಳಲ್ಲಿ ಮಗುವಿನ ತಲೆ ಕೆಳಗಿಳಿದು, ತಾಯಿಯ ಉಸಿರು ಸರಾಗವಾಗುತ್ತದೆ. ಅದುವರೆಗೆ ಮಗುವಿನ ಶ್ವಾಸಕೋಶಗಳಲ್ಲಿರುವುದು ದ್ರವ. ಪ್ರಾಣವಾಯುವನ್ನು ಒದಗಿಸುವುದು ಮಾಸು. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಂಡಿಯಿದ್ದು, ಬಹುಪಾಲು ರಕ್ತ ಶ್ವಾಸಕೋಶಗಳನ್ನು ಬಳಸದೆಯೇ ಸಾಗುತ್ತದೆ. ಹುಟ್ಟಿದ ಮಗು ಅಳುತ್ತ ಗಾಳಿಯೆಳೆದುಕೊಂಡೊಡನೆ ಶ್ವಾಸಕೋಶಗಳು ಅರಳುತ್ತವೆ, ರಕ್ತ ಅವುಗಳತ್ತ ನುಗ್ಗುತ್ತದೆ, ಹೃದಯದೊಳಗಿನ ಕಿಂಡಿಯ ಕದ ಒತ್ತಡಕ್ಕೆ ಮುಚ್ಚಿಕೊಳ್ಳುತ್ತದೆ.