ಮೊಡೆನಾದ ತಗಡು ಮೇಸ್ತ್ರಿ

2019ರಲ್ಲಿ ಇಟಲಿಯ ಬೊಲೋನ್ಯಾ ನಗರದ ನ್ಯಾಯಾಲಯ ಒಂದು ಕಾರಿನ ಮೈಕಟ್ಟನ್ನು ಕಲಾಕೃತಿ ಎಂದು ಸಾರಿತು. 1962ರ ಫೆರಾರಿ 250 ಜಿಟಿಒ ಆ ಕಾರು. ಅದರ ತದ್ರೂಪು ಮಾಡಿ ಮಾರಲು ಹೊರಟಿದ್ದ ಕಂಪನಿಯ ಮೇಲೆ ಫೆರಾರಿ ದಾವೆ ಹೂಡಿತ್ತು. ಹಾಗೆ ನಕಲು ಮಾಡುವಂತಿಲ್ಲ ಎಂದು ತೀರ್ಪಾಯಿತು. ಸುದ್ದಿ ಓದಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಕಲಾಕೃತಿ ಸರಿ, ಕಲಾವಿದ ಯಾರು?

ಆ ಹೆಸರಿನ ಬೆನ್ನು ಹತ್ತಿ ಹೋದರೆ ನಾವು ತಲುಪುವುದು ಮೊಡೆನಾ ಊರಿನ ಒಂದು ಟಿಂಕರಿಂಗ್ ಶೆಡ್ಡಿಗೆ. ಅಲ್ಲಿನ ಮೇಸ್ತ್ರಿ ಸೆರ್ಜಿಯೊ ಸ್ಕಾಲಿಯೆಟ್ಟಿ. ಹುಟ್ಟಿದ್ದು 1920ರ ಜನವರಿಯಲ್ಲಿ. ತಂದೆ ತೀರಿಕೊಂಡ ಮೇಲೆ ಹದಿಮೂರನೇ ವಯಸ್ಸಿಗೆ ಕೆಲಸಕ್ಕೆ ಸೇರಿದ ಹುಡುಗ. ಕಾರುಗಳಿಗೆ ಬಾಡಿ ಕಟ್ಟುವ ಅಂಗಡಿಯಲ್ಲಿ ಎತ್ತು, ಹಿಡಿ, ಗುಡಿಸು ಎಂದು ಹೇಳಿದ್ದನ್ನೆಲ್ಲ ಮಾಡುತ್ತ ಕಸುಬು ಕಲಿತ. ಕೆಲವು ವರ್ಷಗಳ ನಂತರ ಅವನ ಅಣ್ಣ ಪಾಲುದಾರನೊಬ್ಬನ ಜೊತೆ ಸೇರಿ ಸ್ವಂತ ಗ್ಯಾರೇಜು ತೆರೆದಾಗ ತಮ್ಮನೂ ಅಲ್ಲಿಗೇ ಬಂದ. ಅವರ ಗ್ಯಾರೇಜಿನ ಎದುರಿಗೇ ಇದ್ದದ್ದು ಎಂಝೊ ಫೆರಾರಿಯ ರೇಸಿಂಗ್ ತಂಡದ ಕಾರ್ಖಾನೆ.

ರೇಸಿನ ಕಾರು ಎಂದರೆ ಗುದ್ದುವ ಕಾರು. ನಜ್ಜುಗುಜ್ಜಾದ ಮಡ್‌ಗಾರ್ಡುಗಳು ರಸ್ತೆ ದಾಟಿ ಈ ಕಡೆ ಬರುತ್ತಿದ್ದವು, ನೆಟ್ಟಗಾಗಿ ಆ ಕಡೆ ಹೋಗುತ್ತಿದ್ದವು. ಎಂಝೊನ ತಂದೆಯೂ ಲೋಹದ ಕಸುಬಿನವರೇ. ಮೊಡೆನಾದಲ್ಲಿ ರೈಲ್ವೆಗೆ ಸೇತುವೆ, ಚಾವಣಿಗಳ ಕಬ್ಬಿಣದ ಕೆಲಸ ಮಾಡಿಕೊಡುವ ವರ್ಕ್‌ಶಾಪ್ ನಡೆಸುತ್ತಿದ್ದರು. 1916ರಲ್ಲಿ ಎಂಝೊ ತಂದೆಯನ್ನೂ ಅಣ್ಣನನ್ನೂ ಕಳೆದುಕೊಂಡ. ಓದು ಅರ್ಧಕ್ಕೆ ನಿಂತ ಈ ಹಟಮಾರಿ ಮನುಷ್ಯ ಎಂಜಿನಿಯರುಗಳ ಮೇಲೆ ಹರಿಹಾಯುವುದು ಮಾಮೂಲಾಗಿತ್ತು. ಆದರೆ ತಗಡು ಬಡಿಯುವವನ ಕೈ ಹೇಗಿದೆ ಎಂದು ನೋಡಿದ ತಕ್ಷಣ ಹೇಳಬಲ್ಲವನಾಗಿದ್ದ.

ಯುದ್ಧದ ವರ್ಷಗಳನ್ನು ದಾಟಿ 1951ಕ್ಕೆ ಬರೋಣ. ಆ ವರ್ಷ ಸ್ಕಾಲಿಯೆಟ್ಟಿ ತನ್ನದೇ ಹೆಸರಿನ ಕಂಪನಿ ಶುರುಮಾಡಿದ. ಅಪಘಾತದಲ್ಲಿ ಕೆಟ್ಟಿದ್ದ ಗಿರಾಕಿಯೊಬ್ಬನ ಫೆರಾರಿಯನ್ನು ರಿಪೇರಿ ಮಾಡುವಾಗ ತನಗೆ ಸರಿಕಂಡಂತೆ ಅದರ ಆಕಾರವನ್ನು ಕೊಂಚ ತಿದ್ದಿದನಂತೆ. ಅದು ಎಂಝೊನ ಕಣ್ಣಿಗೆ ಬಿತ್ತಂತೆ. ಮೊದಲ ಕೆಲಸ ಸಿಕ್ಕಿದ್ದು ಹೀಗೆ ಎಂಬ ಮಾತಿದೆ. 1954ರ 750 ಮೊಂಝಾ ರೇಸ್ ಕಾರಿನ ಹೊತ್ತಿಗಂತೂ ಅವನ ಶೆಡ್ಡು ಫೆರಾರಿಗೆ ಅನಿವಾರ್ಯವಾಗಿತ್ತು. ಎಂಝೊನ ಮಗ ಡೀನೊ ಇವನಿಗೆ ಆಪ್ತನಾಗಿದ್ದ. ರೇಸ್ ಕಾರುಗಳಲ್ಲಿ ಚಾಲಕನ ತಲೆಯ ಹಿಂದೆ ಕಾಣುವ ನೀಳವಾದ ಉಬ್ಬು ಈ ಇಬ್ಬರ ಮಾತುಕತೆಯಲ್ಲಿ ಹುಟ್ಟಿದ್ದೆಂದು ಹೇಳುತ್ತಾರೆ. ಡೀನೊ 1956ರಲ್ಲಿ, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಸ್ನಾಯುಗಳು ಕ್ಷೀಣಿಸುವ ಕಾಯಿಲೆಯಿಂದ ತೀರಿಕೊಂಡ.

ಆ ಶೆಡ್ಡಿನಲ್ಲಿ ಕಾರು ಹೇಗೆ ರೂಪುಗೊಳ್ಳುತ್ತಿತ್ತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಫೆರಾರಿ ಕಾರ್ಖಾನೆಯಿಂದ ಷಾಸಿ ಬರುತ್ತಿತ್ತು: ಉಕ್ಕಿನ ಕೊಳವೆಗಳ ಚೌಕಟ್ಟು, ಎಂಜಿನ್, ಚಕ್ರ. ಅದರ ಮೇಲೆ ತೆಳು ಕಂಬಿಗಳನ್ನು ಬಗ್ಗಿಸಿ, ಬೆಸೆದು, ಕಾರಿನ ಅಂಚುಗಳನ್ನೂ ಉಬ್ಬುತಗ್ಗುಗಳನ್ನೂ ಗಾಳಿಯಲ್ಲಿ ಎಳೆದ ಗೆರೆಗಳ ಹಾಗೆ ನಿಲ್ಲಿಸುತ್ತಿದ್ದರು. ದೂರ ನಿಂತು ನೋಡುವುದು, ಸರಿಕಾಣದ ಕಡೆ ಕತ್ತರಿಸಿ ಮತ್ತೆ ಬಗ್ಗಿಸುವುದು. ಈ ಕಂಬಿ ಪಂಜರವೇ ಅಳತೆಗೋಲು. ಪೂರ್ಣ ಪ್ರಮಾಣದ ನಕಾಶೆಯನ್ನು ಮುಂದಿಟ್ಟುಕೊಂಡು ಕೆಲಸ ಮಾಡುವ ಪದ್ಧತಿ ಅಲ್ಲಿರಲಿಲ್ಲ.

ಆಮೇಲೆ ಅಲ್ಯೂಮಿನಿಯಂ ತಗಡು. ದಪ್ಪ ಸುಮಾರು ಒಂದು ಮಿಲಿಮೀಟರ್. ಮರಳು ತುಂಬಿದ ಚರ್ಮದ ಚೀಲದ ಮೇಲೋ, ನಡುವೆ ಗುಳಿ ತೋಡಿದ ಮರದ ದಿಮ್ಮಿಯ ಮೇಲೋ ಅದನ್ನಿಟ್ಟು ಕೊಡತಿಯಿಂದ ಬಡಿಯಬೇಕು. ಬಡಿದ ಕಡೆ ಲೋಹ ತೆಳುವಾಗಿ ಹರಡಿಕೊಂಡು ಕುಣಿಯಾಗುತ್ತದೆ. ಅಂಚಿನಲ್ಲಿ ಏಳುವ ಸುಕ್ಕುಗಳನ್ನು ಹಾಗೇ ಬಿಟ್ಟರೆ ತಗಡು ಸೀಳುತ್ತದೆ. ಅವನ್ನು ಮೆಲ್ಲಗೆ ಬಡಿದು ಒಳಕ್ಕೆ ಕುಗ್ಗಿಸುತ್ತ ಬರಬೇಕು. ಕುಗ್ಗಿಸುವುದೇ ಕಷ್ಟದ ವಿದ್ಯೆ. ನಮ್ಮ ಕಂಚುಗಾರರು ತಾಮ್ರದ ಹಂಡೆಯ ಕಂಠ ಮಡಿಸುವಾಗ ಮಾಡುವುದೂ ಇದನ್ನೇ.

ಬಡಿಯುತ್ತ ಹೋದಂತೆ ಅಲ್ಯೂಮಿನಿಯಂ ಬಿರುಸಾಗುತ್ತದೆ. ಆಗ ಕಾಯಿಸಿ ಮತ್ತೆ ಮೆದು ಮಾಡಬೇಕು. ಇಲ್ಲೊಂದು ತೊಡಕಿದೆ: ಕಬ್ಬಿಣದ ಹಾಗೆ ಅಲ್ಯೂಮಿನಿಯಂ ಕೆಂಪೇರಿ ಮುನ್ಸೂಚನೆ ಕೊಡುವುದಿಲ್ಲ, ಬಣ್ಣ ಬದಲಾಗದೆ ಇದ್ದಕ್ಕಿದ್ದಂತೆ ಕರಗಿ ತೂತು ಬೀಳುತ್ತದೆ. ಅದಕ್ಕೆ ಕಸುಬುದಾರರು ತಗಡಿನ ಮೇಲೆ ಸಾಬೂನು ಸವರಿ ಗ್ಯಾಸಿನ ಜ್ವಾಲೆ ಆಡಿಸುತ್ತಾರೆ. ಸಾಬೂನು ಕಂದಾಗಿ ಕಪ್ಪಿಗೆ ತಿರುಗಿದರೆ ಲೋಹ ಹದಕ್ಕೆ ಬಂದಿದೆ ಎಂದರ್ಥ. ತಕ್ಷಣ ಜ್ವಾಲೆ ತೆಗೆಯಬೇಕು. ಹೀಗೆ ತಯಾರಾದ ತುಂಡುಗಳನ್ನು ಗ್ಯಾಸ್ ವೆಲ್ಡಿಂಗ್‌ನಿಂದ ಕೂಡಿಸಿ, ಒಳಗೆ ಡಾಲಿ ಎಂಬ ಲೋಹದ ಆಸರೆಗಟ್ಟಿ ಹಿಡಿದು ಹೊರಗಿನಿಂದ ಸುತ್ತಿಗೆ ಆಡಿಸಿ ಬೆಸುಗೆಯ ಗೆರೆ ಕಾಣದಂತೆ ಮಾಡುತ್ತಿದ್ದರು. ಕೊನೆಯ ಪರೀಕ್ಷೆ ಅಂಗೈಯದು. ಕಣ್ಣಿಗೆ ಸಿಗದ ಏರಿಳಿತ ಅಂಗೈಗೆ ಸಿಗುತ್ತದೆ ಎಂದು ನಮ್ಮ ಟಿಂಕರುಗಳೂ ಹೇಳುತ್ತಾರೆ.

ಹೀಗಾಗಿ ಒಂದೇ ಮಾದರಿಯ ಎರಡು ಕಾರುಗಳು ಪೂರ್ತಿ ಒಂದೇ ಥರ ಇರುತ್ತಿರಲಿಲ್ಲ. ಒಂದೇ ಕಾರಿನ ಎಡಮಗ್ಗುಲು ಬಲಮಗ್ಗುಲುಗಳ ನಡುವೆಯೂ ವ್ಯತ್ಯಾಸ ಇರುತ್ತಿತ್ತು. ಒಂದರ ಬಾನೆಟ್ ಇನ್ನೊಂದಕ್ಕೆ ಕೂರುತ್ತಿರಲಿಲ್ಲವಾದ್ದರಿಂದ ಬಾನೆಟ್ಟು, ಬಾಗಿಲುಗಳ ಒಳಮೈಗೆ ಬಾಡಿಯ ಸಂಖ್ಯೆ ಒತ್ತುತ್ತಿದ್ದರು.

1957ರಲ್ಲಿ ಬಂದ 250 ಟೆಸ್ಟಾ ರೋಸ್ಸಾ ಆ ಶೆಡ್ಡಿನ ಧೈರ್ಯಕ್ಕೆ ಸಾಕ್ಷಿ. ಮುಂಚಕ್ರದ ಹಿಂದಿನ ತಗಡನ್ನು ಒಳಕ್ಕೆ ಕೊರೆದು, ಮಡ್‌ಗಾರ್ಡುಗಳು ಮೂತಿಯಿಂದ ಬೇರೆಯಾಗಿ ದೋಣಿಯಂತೆ ಚಾಚಿ ನಿಲ್ಲುವಂತೆ ಮಾಡಿದರು. ಡ್ರಮ್ ಬ್ರೇಕುಗಳಿಗೆ ಗಾಳಿ ತಾಗಿ ತಣ್ಣಗಿರಲಿ ಎಂಬುದು ಉದ್ದೇಶ. ತುಂಬ ವೇಗದಲ್ಲಿ ಆ ಆಕಾರ ಗಾಳಿಗೆ ತಡೆಯಾಗುತ್ತದೆಂದು ಗೊತ್ತಾದ ಮೇಲೆ ಅದನ್ನು ಕೈಬಿಟ್ಟದ್ದೂ ನಿಜ. ಆದರೆ ಟೆಸ್ಟಾ ರೋಸ್ಸಾ 1958ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸ್ ಗೆದ್ದಿತು.

ಈ ಬರಹಕ್ಕೆ ನನ್ನನ್ನು ಎಳೆದ ಘಟನೆ ನಡೆದದ್ದು 1961ರ ಕೊನೆಯಲ್ಲಿ. ಆ ಸೆಪ್ಟೆಂಬರಿನಲ್ಲಿ ಇಟಲಿಯ ಮೊಂಝಾ ರೇಸ್ ಗೆದ್ದು ಫೆರಾರಿಯ ಚಾಲಕ ಫಿಲ್ ಹಿಲ್ ವಿಶ್ವ ಚಾಂಪಿಯನ್ ಆದ. ಅದೇ ರೇಸಿನಲ್ಲಿ ಅವನ ತಂಡದ ಸಂಗಾತಿ ವಾನ್ ಟ್ರಿಪ್ಸ್ ಸತ್ತ, ಜೊತೆಗೆ ಪ್ರೇಕ್ಷಕರೂ ಸತ್ತರು. ಗೆಲುವು, ಸಾವು ಒಟ್ಟಿಗೆ ಬಂದ ಆ ದಿನಗಳಲ್ಲಿ ಕಾರ್ಖಾನೆಯೊಳಗೆ ಇನ್ನೊಂದು ಬೇಗೆ ಎದ್ದಿತ್ತು. ಎಂಝೊನ ಹೆಂಡತಿ ಲಾರಾ ಕಾರ್ಖಾನೆಯ ವ್ಯವಹಾರದಲ್ಲಿ ಕೈಯಾಡಿಸುತ್ತಿದ್ದಾರೆಂದು ಮುಖ್ಯ ಅಧಿಕಾರಿಗಳಿಗೆ ಅಸಮಾಧಾನ. ಅವರೆಲ್ಲ ಸೇರಿ ಲಿಖಿತವಾಗಿ ದೂರು ಕೊಟ್ಟರು. ಎಂಝೊ ರಾಜಿಯಾಗಲಿಲ್ಲ. ಮುಖ್ಯ ಎಂಜಿನಿಯರ್ ಕಾರ್ಲೊ ಕೀಟಿ, ತಂಡದ ವ್ಯವಸ್ಥಾಪಕ ರೊಮೊಲೊ ತಾವೊನಿ, ಮಾರಾಟ ವಿಭಾಗದ ಜಿರೊಲಾಮೊ ಗಾರ್ದೀನಿ, ಹೊಸ ಕಾರಿನ ಹೊಣೆ ಹೊತ್ತಿದ್ದ ಜೊಟ್ಟೊ ಬಿಜ್ಜಾರೀನಿ ಎಲ್ಲರೂ ಒಂದೇ ಏಟಿಗೆ ಹೊರಗೆ.

ಆ ಹೊಸ ಕಾರೇ ಜಿಟಿಒ. ಬಿಜ್ಜಾರೀನಿ ಅದರ ಮೊದಲ ಮಾದರಿಯನ್ನು ಸೆಪ್ಟೆಂಬರಿನಲ್ಲಿ ಮೊಂಝಾದಲ್ಲಿ ಓಡಿಸಿ ನೋಡಿದ್ದ. ತಗಡಿಗೆ ತಗಡು ತೇಪೆ ಹಾಕಿದ ಅದರ ಒರಟು ಮೈ ನೋಡಿ ಜನ ರಾಕ್ಷಸ ಎಂದು ಹೆಸರಿಟ್ಟರು. ಎಂಜಿನ್ನನ್ನು ತಗ್ಗಿಸಿ ಹಿಂದಕ್ಕೆ ತಳ್ಳುವ, ಮೂತಿಯನ್ನು ತಗ್ಗಿಸಿ ಬಾಲವನ್ನು ಕತ್ತರಿಸಿ ನಿಲ್ಲಿಸುವ ಯೋಚನೆ ಅವನದು. ಅದನ್ನು ಯಾರೂ ಕಸಿಯಬಾರದು. ಆದರೆ ಯೋಚನೆ ಕಾರಾಗುವ ಮೊದಲೇ ಅವನು ಬಾಗಿಲಾಚೆ ಇದ್ದ. ಮುಂದಿನ ರೇಸುಗಳಿಗೆ ಉಳಿದದ್ದು ಕೆಲವೇ ತಿಂಗಳು.

ಎಂಝೊ ಎಂಜಿನಿಯರಿಂಗ್ ಹೊಣೆಯನ್ನು ಮೌರೊ ಫೊರ್ಗಿಯೇರಿ ಎಂಬ ಇಪ್ಪತ್ತಾರರ ಹುಡುಗನಿಗೆ ವಹಿಸಿದ. ಅವನ ತಂದೆಯೂ ಫೆರಾರಿಯ ವರ್ಕ್‌ಶಾಪಿನಲ್ಲಿ ದುಡಿದವರು. ಮೈಕಟ್ಟಿನ ಹೊಣೆ ಸ್ಕಾಲಿಯೆಟ್ಟಿಗೆ. ಒಬ್ಬ ಅನುಭವವಿಲ್ಲದ ಎಂಜಿನಿಯರ್, ಒಬ್ಬ ಟಿಂಕರ್ ಮೇಸ್ತ್ರಿ, ಅವನ ಹಿಂದೆ ಅವನ ಆಳುಗಳು. ಅನುಭವಸ್ಥರೆಲ್ಲ ಒಟ್ಟಿಗೆ ಎದ್ದುಹೋದ ಮೇಲೂ ಕೆಲಸ ನಿಲ್ಲಲಿಲ್ಲ, ಏಕೆಂದರೆ ಆ ಕಾರಿನ ಬಹುಪಾಲು ವಿದ್ಯೆ ಕೈಗಳಲ್ಲಿತ್ತು. ಮೇಸ್ತ್ರಿಯ ಮುಂದಾಳುತನವೆಂದರೆ ನನಗೆ ಕಾಣುವುದು ಇದೇ. ಕಂಬಿ ಪಂಜರದ ಮುಂದೆ ನಿಂತು ಇಲ್ಲಿ ಇನ್ನೊಂದು ಬೆರಳು ತಗ್ಗಲಿ ಎಂದರೆ ಸುತ್ತಿಗೆ ಹಿಡಿದವನು ಯಾಕೆ ಎಂದು ಕೇಳದೆ ತಗ್ಗಿಸಬೇಕು. ಆ ನಂಬಿಕೆ ಬರುವುದು, ಹೇಳುವವನು ತಾನೂ ಸುತ್ತಿಗೆ ಹಿಡಿದು ಅದನ್ನು ಮಾಡಿ ತೋರಿಸಬಲ್ಲ ಎಂದು ಎಲ್ಲರಿಗೂ ಗೊತ್ತಿದ್ದಾಗ.

1962ರ ಫೆಬ್ರವರಿಯಲ್ಲಿ ಪತ್ರಕರ್ತರ ಮುಂದೆ ಕಾರು ನಿಂತಿತು. ರಾಕ್ಷಸನ ಗುರುತೇ ಇರಲಿಲ್ಲ. ಮೂತಿಯಲ್ಲಿ ಅರ್ಧಚಂದ್ರದಂಥ ಮೂರು ಗಾಳಿಕಿಂಡಿ, ಮಡ್‌ಗಾರ್ಡಿನ ಪಕ್ಕ ಸೀಳಿದ ಓರೆ ಬಾಯಿಗಳು, ಎಲ್ಲೂ ತಡವರಿಸದೆ ಹಿಂದಕ್ಕೆ ಹರಿಯುವ ಬೆನ್ನು. ಮಾರ್ಚಿನಲ್ಲಿ ಅಮೆರಿಕದ ಸೆಬ್ರಿಂಗ್ 12 ಗಂಟೆಗಳ ರೇಸಿನಲ್ಲಿ ಫಿಲ್ ಹಿಲ್ ಮತ್ತು ಒಲಿವಿಯೆ ಜೊಂದಬಿಯೆಂ ಅದನ್ನೋಡಿಸಿ ಒಟ್ಟಾರೆ ಎರಡನೆಯವರಾದರು, ತಮ್ಮ ವರ್ಗದಲ್ಲಿ ಮೊದಲಿಗರಾದರು. 1962, 1963, 1964 ಮೂರೂ ವರ್ಷ ಜಿಟಿ ಕಾರುಗಳ ಪ್ರಶಸ್ತಿ ಫೆರಾರಿಗೇ ಬಂತು. ತಯಾರಾದ ಜಿಟಿಒಗಳು ಒಟ್ಟು 36. ಅವುಗಳಲ್ಲೊಂದು 2018ರ ಆಗಸ್ಟಿನಲ್ಲಿ ಅಮೆರಿಕದ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು.

ಮುಂದಿನ ಕಥೆ ಬೇಗ ಸಾಗುತ್ತದೆ. 1969ರಲ್ಲಿ ಫಿಯಟ್ ಫೆರಾರಿಯ ಅರ್ಧ ಪಾಲು ಕೊಂಡಿತು. ಅದೇ ಆಸುಪಾಸಿನಲ್ಲಿ ಸ್ಕಾಲಿಯೆಟ್ಟಿಯೂ ತನ್ನ ಕಂಪನಿ ಬಿಟ್ಟುಕೊಟ್ಟು, ಅಲ್ಲೇ ಮೇಲ್ವಿಚಾರಣೆ ನೋಡುತ್ತ ಉಳಿದ. 1975ರ ಫೆರಾರಿ 308 ಜಿಟಿಬಿಗೆ ಅದೇ ಶೆಡ್ಡಿನಲ್ಲಿ ಫೈಬರ್‌ಗ್ಲಾಸ್ ಬಾಡಿ ಅಚ್ಚಾಯಿತು. ಎರಡು ವರ್ಷಕ್ಕೆ ಅದೂ ಹೋಗಿ ಉಕ್ಕು ಬಂತು. ಕಾರುಗಳ ಸಂಖ್ಯೆ ಏರಿದಂತೆ ಮರಳುಚೀಲದ ಮೇಲೆ ಕುಣಿ ತೆಗೆಯುವ ಕೆಲಸ ಕರಗುತ್ತ ಬಂತು. ಮೇಸ್ತ್ರಿ 1980ರ ದಶಕದಲ್ಲಿ ನಿವೃತ್ತನಾದ. 2004ರಲ್ಲಿ ಫೆರಾರಿ ತನ್ನ ಹೊಸ ಕಾರಿಗೆ 612 ಸ್ಕಾಲಿಯೆಟ್ಟಿ ಎಂದು ಹೆಸರಿಟ್ಟಿತು. ಅದರದ್ದು ಪೂರ್ತಿ ಅಲ್ಯೂಮಿನಿಯಂ ಬಾಡಿ, ಕಟ್ಟಿದ್ದು ಮೊಡೆನಾದ ಅವನದೇ ಹೆಸರಿನ ಕಾರ್ಖಾನೆಯಲ್ಲಿ. ಬದುಕಿರುವಾಗಲೇ ಕಾರಿನ ಮೇಲೆ ಹೆಸರು ಕಂಡ ಟಿಂಕರುಗಳು ಜಗತ್ತಿನಲ್ಲಿ ಎಷ್ಟಿದ್ದಾರು?

ಇದನ್ನು ಬರೆಯುವಾಗ ನನಗೆ ಸಂತೋಷದ ಜೊತೆ ಕೋಪವೂ ಇದೆ. ಬೆಂಗಳೂರಿನ ಕಲಾಸಿಪಾಳ್ಯ, ಜೆ.ಸಿ. ರಸ್ತೆಗಳ ಆಸುಪಾಸಿನಲ್ಲಿ ಬೆಳೆದವರಿಗೆ ತಗಡು ಬಡಿಯುವ ಸದ್ದು ಹೊಸದಲ್ಲ. ಅಲ್ಲೂ ಹುಡುಗರು ಹದಿಮೂರಕ್ಕೋ ಹದಿನಾಲ್ಕಕ್ಕೋ ಮೇಸ್ತ್ರಿಯ ಕೈಕೆಳಗೆ ಸೇರಿ, ಡಾಲಿ ಹಿಡಿಯುವುದರಿಂದ ಶುರುಮಾಡಿ, ಮೇಸ್ತ್ರಿಗಳಾದರು. ಈಗ ಡೆಂಟ್ ಆದ ಬಾಗಿಲನ್ನು ನೆಟ್ಟಗೆ ಮಾಡುವವರಿಗಿಂತ ಬಿಚ್ಚಿ ಹೊಸದು ಹಾಕುವವರೇ ಹೆಚ್ಚು. ವಿಮೆಯವರು ಹಣ ಕೊಡುತ್ತಾರೆ, ಪ್ಯಾನೆಲ್ ಡಬ್ಬದಲ್ಲಿ ಬರುತ್ತದೆ. ಐಟಿಐಗಳಲ್ಲಿ ಶೀಟ್ ಮೆಟಲ್ ವರ್ಕರ್ ಎಂಬ ಟ್ರೇಡ್ ಇದೆ. ಆದರೆ ಸುಕ್ಕನ್ನು ಒಳಕ್ಕೆ ಕುಗ್ಗಿಸುವ ಕೈ ಪಳಗಬೇಕಾದರೆ ಪಕ್ಕದಲ್ಲಿ ಪಳಗಿದ ಕೈಯೊಂದು ವರ್ಷಗಟ್ಟಲೆ ಇರಬೇಕು, ಹಾಳಾಗಲು ತಗಡೂ ಬೇಕು. ಮೊಡೆನಾದ ಹುಡುಗನಿಗೆ ಇವೆರಡೂ ಸಿಕ್ಕಿದ್ದವು. ಎದುರಿಗಿದ್ದ ಯಜಮಾನನಿಗೆ ಅವನ ಕೆಲಸದ ಬೆಲೆಯೂ ಗೊತ್ತಿತ್ತು. ಇವುಗಳಲ್ಲಿ ಒಂದು ತಪ್ಪಿದ್ದರೂ ಅವನು ಮಡ್‌ಗಾರ್ಡ್ ನೆಟ್ಟಗೆ ಮಾಡುತ್ತಲೇ ಮುದುಕನಾಗುತ್ತಿದ್ದ.

2011ರ ಆಗಸ್ಟಿನಲ್ಲಿ 1957ರ ಮೊದಲ ಟೆಸ್ಟಾ ರೋಸ್ಸಾ ಹರಾಜಿನಲ್ಲಿ 1.64 ಕೋಟಿ ಡಾಲರಿಗೆ ಮಾರಾಟವಾಯಿತು; ಕಾರುಗಳ ಹರಾಜಿನಲ್ಲಿ ಅಂದಿಗೆ ಅದೇ ದಾಖಲೆ. ನವೆಂಬರ್ 20ರಂದು ಸ್ಕಾಲಿಯೆಟ್ಟಿ ಮೊಡೆನಾದಲ್ಲಿ ತೀರಿಕೊಂಡ, 91 ವರ್ಷ. ದೊಡ್ಡ ಪತ್ರಿಕೆಗಳೆಲ್ಲ ಶ್ರದ್ಧಾಂಜಲಿ ಬರೆದವು. ಹರಾಜಿನ ಕ್ಯಾಟಲಾಗುಗಳಲ್ಲಿ ಒಂದೊಂದು ಕಾರನ್ನೂ ಯಾರು ಓಡಿಸಿದರು, ಯಾರಿಂದ ಯಾರಿಗೆ ಮಾರಾಟವಾಯಿತು ಎಂಬ ಚರಿತ್ರೆ ಪುಟಗಟ್ಟಲೆ ಇರುತ್ತದೆ. ಅದರ ಎಡ ಮಡ್‌ಗಾರ್ಡನ್ನು ಬಡಿದವನ ಹೆಸರನ್ನು ನಾನು ಅವುಗಳಲ್ಲಿ ಇನ್ನೂ ಹುಡುಕುತ್ತಿದ್ದೇನೆ.